ಆಮಿನಮ್ಮ ಕ್ಲಬ್ಬನ್ನು ಆರಿಸಿದ್ದು

ಮದುವೆಯಾದ ಮೂರನೆಯ ವರ್ಷಕ್ಕೆ ಆಮಿನಮ್ಮನ ಗಂಡ ಸುಲೈಮಾನ್ ಬಹರೈನಿಗೆ ಹೋದ. ಅದು ಎಪ್ಪತ್ತನಾಲ್ಕನೆಯ ಇಸವಿ. ಅಲ್ಲಿಂದ ಮುಂದೆ ಅವಳ ಸಂಸಾರ ನಡೆದದ್ದು ಹೆಚ್ಚಾಗಿ ಕಾಗದದಲ್ಲಿ. ಎರಡು ಮೂರು ವರ್ಷ ಬಿಟ್ಟು ಒಮ್ಮೆ ಮಾತ್ರ ಅವನು ರಜೆಯಲ್ಲಿ ಬಂದು ಹೋಗಿದ್ದ. ಸುಲೈಮಾನ್‌ಗೂ ಬರೆಯಲು ಬಾರದು, ಅವಳಿಗೂ ಓದಲು ಬಾರದು. ಅಲ್ಲಿ ಅವನು ಹೇಳುತ್ತಿದ್ದ, ಅವನ ಕೋಣೆಯಲ್ಲೇ ಇದ್ದ ಉಚ್ಚಿಲದ ಅಲಿಯಬ್ಬ ಬರೆಯುತ್ತಿದ್ದ. ಇಲ್ಲಿ ಕಾಪು ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಹಸೈನಾರ್ ಕಾಕ ಓದುತ್ತಿದ್ದ, ಅವಳು ಅಂಗಡಿಯ ಬೆಂಚಿನ ಪಕ್ಕ ನಿಂತು ಕೇಳುತ್ತಿದ್ದಳು. ಬೆಲ್ಲ, ಮೆಣಸು ಕಟ್ಟಿಸಿಕೊಳ್ಳಲು ಬಂದವರೂ ಕೇಳುತ್ತಿದ್ದರು. ಗಂಡ ತನ್ನ ಹೆಂಡತಿಗೆ ಹೇಳಿದ ಮಾತು ಮನೆ ತಲುಪುವ ಮೊದಲೇ ಪೇಟೆಯ ಅರ್ಧ ಜನರ ಬಾಯಲ್ಲಿ ಇರುತ್ತಿತ್ತು.

ಹಸೈನಾರ್ ಕೆಟ್ಟವನಲ್ಲ. ಸುಲೈಮಾನ್‌ನ ತಾಯಿ ರುಕಿಯಮ್ಮನಿಗೆ ಅವನು ಚಿಕ್ಕಮ್ಮನ ಮಗ, ತಮ್ಮನ ವರಸೆ. ಓದಿದ್ದಕ್ಕೂ, ಉತ್ತರ ಬರೆದುಕೊಟ್ಟದ್ದಕ್ಕೂ ಅವನು ಏನೂ ಕೇಳಿದವನಲ್ಲ. ಅಕ್ಷರವೂ ಮುತ್ತಿನಂತೆ ದುಂಡಗೆ ಇತ್ತು ಎಂದು ಎಲ್ಲರೂ ಹೇಳುತ್ತಿದ್ದರು.

ಎಪ್ಪತ್ತೊಂಬತ್ತರ ಮಳೆಗಾಲ ಮುಗಿದ ಮೇಲೆ ಅಲಿಯಬ್ಬ ರಜೆಯಲ್ಲಿ ಊರಿಗೆ ಬಂದ. ಸುಲೈಮಾನ್ ಕಳಿಸಿದ್ದ ಒಂದು ಗಂಟನ್ನು ಹಿಡಿದುಕೊಂಡು ಕಾಪುವಿಗೆ ಬಂದು ಜಗಲಿಯಲ್ಲಿ ಕೂತ. ಚಹಾ ಕುಡಿದ. ಏಳುವ ಹೊತ್ತಿಗೆ, ಹೇಳಲೋ ಬೇಡವೋ ಎನ್ನುವವನ ಹಾಗೆ ಕೇಳಿದ:

"ಒಂದು ಮಾತು. ಕಳೆದ ವರ್ಷ ಸುಲೈಮಾನ್ ಕಟ್ಟಡದ ಕೆಲಸದಲ್ಲಿ ಅಟ್ಟಣಿಗೆಯಿಂದ ಬಿದ್ದು ಮೂರು ತಿಂಗಳು ಆಸ್ಪತ್ರೆಯಲ್ಲಿ ಇದ್ದಾಗ ನೀವು ಅವನನ್ನು ಬರಬೇಡಿ ಎಂದು ಯಾಕೆ ಹೇಳಿದಿರಿ?"

ಆಮಿನಮ್ಮನಿಗೆ ಅವನು ಯಾರ ವಿಷಯ ಹೇಳುತ್ತಿದ್ದಾನೆ ಎಂದೇ ತಿಳಿಯಲಿಲ್ಲ.

"ಕಾಗದ ಬರೆದವನೇ ನಾನು," ಎಂದ ಅಲಿಯಬ್ಬ. "ಕಾಲು ಮುರಿದದ್ದು, ಕಂಪೆನಿಯವರು ಊರಿಗೆ ಹೋಗುವುದಾದರೆ ಹೋಗು ಎಂದದ್ದು, ಬರಲಾ ಬೇಡವಾ, ನೀನೇ ಹೇಳು ಎಂದು ಕೇಳಿದ್ದು, ಎಲ್ಲ ಬರೆದಿದ್ದೆ. ನಿಮ್ಮ ಉತ್ತರ ಬಂತು. ಇಲ್ಲಿ ಎಲ್ಲರೂ ಕ್ಷೇಮ, ಅವಸರದಲ್ಲಿ ಹೊರಟು ಬರಬೇಡಿ ಎಂದು. ಅದನ್ನು ಓದಿ ಹೇಳಿದವನೂ ನಾನೇ. ಎರಡು ದಿನ ಅವನು ಯಾರ ಹತ್ತಿರವೂ ಮಾತನಾಡಲಿಲ್ಲ."

ಆಮಿನಮ್ಮ ಎರಡು ವರ್ಷದ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ತಲೆವಸ್ತ್ರ ಸರಿಮಾಡಿಕೊಂಡು ನೇರ ಪೇಟೆಗೆ ನಡೆದಳು. ಹಸೈನಾರ್ ಸುಳ್ಳು ಹೇಳಲಿಲ್ಲ.

"ಹೌದು, ಆ ಸಾಲುಗಳನ್ನು ಓದಲಿಲ್ಲ. ನಿನಗೆ ಆಗ ಬಾಣಂತನದ ನಿತ್ರಾಣ ಇನ್ನೂ ಬಿಟ್ಟಿರಲಿಲ್ಲ. ಹೆದರಿಸಿ ಎಂತ ಪ್ರಯೋಜನ? ಅವನು ಅರ್ಧದಲ್ಲಿ ಬಂದರೆ ಮತ್ತೆ ವೀಸಾ ಸಿಗುತ್ತದಾ? ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು ಮಾರಾಯ್ತಿ."

"ನನ್ನ ಗಂಡ ನನ್ನನ್ನು ಕೇಳಿದ್ದು. ನಿಮ್ಮನ್ನಲ್ಲ."

"ನೀನಾದರೂ ಎಂತ ಹೇಳುತ್ತಿದ್ದೆ? ಬರಬೇಡಿ ಎಂದೇ ಹೇಳುತ್ತಿದ್ದೆ."

"ಹೇಳುತ್ತಿದ್ದೆನೋ ಏನೋ. ಹೇಳಬೇಕಾದವಳು ನಾನು."

ಅಂಗಡಿಯಲ್ಲಿ ಇದ್ದವರು ನೋಡುತ್ತಿದ್ದರು. ಅವಳು ಅವರ ಎದುರಿಗೇ ಹೇಳಿದಳು, ಇನ್ನು ಮೇಲೆ ತನ್ನ ಕಾಗದವನ್ನು ಯಾರೂ ಓದುವುದು ಬೇಡ ಎಂದು. ಅಲಿಯಬ್ಬ ಮರಳಿ ಹೋಗುವಾಗ ಬಾಯಲ್ಲೇ ಮಾತು ಕಳಿಸಿದಳು: ಆ ಉತ್ತರ ನನ್ನದಲ್ಲ.

ಅದಾದ ಮೇಲೆ ಬಂದ ಮೂರು ಕಾಗದಗಳನ್ನು ಅವಳು ಒಡೆಯಲಿಲ್ಲ. ಮನೆಯಲ್ಲಿ ಇದು ಸಣ್ಣ ವಿಷಯವಾಗಿರಲಿಲ್ಲ. ರುಕಿಯಮ್ಮನ ನಾಲಿಗೆ ಮೊದಲೇ ಹರಿತ.

"ನಿನಗೆ ಗಂಡ, ಸರಿ. ನನಗೆ ಮಗ. ಬದುಕಿದ್ದಾನಾ ಇಲ್ಲವಾ ಎಂದು ತಿಳಿಯಲು ನಿನ್ನ ಹಟ ಮುಗಿಯುವವರೆಗೆ ಕಾಯಬೇಕಾ?" ಎಂದು ಒಂದು ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಕೆಯೇ ಹಸೈನಾರ್‌ನ ಅಂಗಡಿಗೆ ಹೋದಳು. ಆಮಿನಮ್ಮ ತಡೆಯಲಿಲ್ಲ. ತಡೆಯುವ ಹಕ್ಕು ತನಗಿಲ್ಲ ಎಂದು ಅವಳಿಗೂ ಗೊತ್ತಿತ್ತು.

ಅರ್ಧ ಗಂಟೆಯಲ್ಲಿ ರುಕಿಯಮ್ಮ ಮರಳಿ ಬಂದಳು. ಕಾಗದ ಹಾಗೆಯೇ ಇತ್ತು, ಒಡೆದಿರಲಿಲ್ಲ. "ನಿಮ್ಮ ಸೊಸೆಯೇ ಓದಲಿ ಎಂದ," ಎಂದಳು. "ಎಂಟು ಜನರ ಎದುರು. ನಾನು ಎತ್ತಿ ಆಡಿಸಿದವನು." ಅಷ್ಟು ಹೇಳಿ ಒಳಗೆ ಹೋಗಿ ಮಲಗಿದಳು. ಮರುದಿನ ಬೆಳಿಗ್ಗೆ ಎದ್ದು ಸೊಸೆಯನ್ನು ಕೇಳಿದಳು: "ಓದುವುದು ಕಲಿಯಲು ಎಷ್ಟು ದಿನ ಬೇಕು?"

ಕಲಿಸುವವರು ಯಾರು ಎನ್ನುವುದೇ ಆಮಿನಮ್ಮನಿಗೆ ಗೊತ್ತಿರಲಿಲ್ಲ.

ಕಾಪುವಿನಲ್ಲಿ ಆಗ ಒಂದು ಸರ್ವಿಸ್ ಕ್ಲಬ್ ಇತ್ತು. ಹೆಸರು ಕೋಸ್ಟಲ್ ಫ್ರೆಂಡ್ಸ್. ಇಪ್ಪತ್ತೆರಡು ಮಂದಿ ಸದಸ್ಯರು. ಅಕ್ಕಿ ಮಿಲ್ಲಿನ ಭುಜಂಗ ಶೆಟ್ಟರು ಅಧ್ಯಕ್ಷರು, ಔಷಧಿ ಅಂಗಡಿಯ ಲೂಯಿಸ್ ಕಾರ್ಯದರ್ಶಿ. ಕಣ್ಣಿನ ಶಿಬಿರ, ಶಾಲೆಯ ಮಕ್ಕಳಿಗೆ ಪುಸ್ತಕ, ಹೀಗೆ ವರ್ಷಕ್ಕೊಂದು ಮಾಡುತ್ತಿದ್ದರು. ಎಂಬತ್ತನೆಯ ಇಸವಿಯ ಆರಂಭದಲ್ಲಿ ಅವರಿಗೆ ಒಂದು ದೊಡ್ಡ ಯೋಚನೆ ಬಂತು. ಇನ್ನು ಚಿಲ್ಲರೆ ಕೆಲಸ ಸಾಕು, ಹತ್ತು ವರ್ಷ ನಿಲ್ಲುವಂಥ ಒಂದೇ ಯೋಜನೆ ಆರಿಸೋಣ, ಊರಿನವರ ಅಭಿಪ್ರಾಯವನ್ನೂ ಕೇಳೋಣ ಎಂದು. ಲೂಯಿಸ್‌ನ ಅಂಗಡಿಯ ಎದುರು ಬೀಗ ಹಾಕಿದ ಒಂದು ಮರದ ಪೆಟ್ಟಿಗೆ ಇಟ್ಟರು. ಮೇಲೆ ಬೋರ್ಡು: ನಿಮ್ಮ ಊರಿಗೆ ಏನು ಬೇಕು? ಬರೆದು ಹಾಕಿ.

ಬೋರ್ಡಿನಲ್ಲಿ ಏನಿದೆ ಎಂದು ಆಮಿನಮ್ಮನಿಗೆ ಹೇಳಿದವಳು ಮೋಹಿನಿ. ಮನೆಮನೆಗೆ ಮೀನು ಹೊತ್ತು ಮಾರುವ ಮೋಹಿನಿಗೂ ಓದಲು ಬಾರದು. ಅವಳು ಯಾರನ್ನೋ ಕೇಳಿ ತಿಳಿದುಕೊಂಡಿದ್ದಳು. ಅವಳ ಗಂಡ ಕಿಟ್ಟ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸದಲ್ಲಿ ಇದ್ದ. ಅವನ ಕಾಗದವನ್ನು ಓದಿಸಲು ಅವಳು ಇನ್ನೊಬ್ಬರ ಹಿತ್ತಲಿನಲ್ಲಿ ಮೀನು ಕೊಯ್ದು ಕೊಟ್ಟು ಕಾಯುತ್ತಿದ್ದಳು.

ಇಬ್ಬರೂ ಔಷಧಿ ಅಂಗಡಿಗೆ ಹೋದರು.

"ಬರೆಯಲು ಬಾರದವರು ಎಂತ ಮಾಡುವುದು?" ಎಂದು ಆಮಿನಮ್ಮ ಕೇಳಿದಳು.

"ನೀವು ಹೇಳಿ, ನಾನು ಬರೆದು ಹಾಕುತ್ತೇನೆ," ಎಂದ ಲೂಯಿಸ್. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

"ಬೇಡ," ಎಂದಳು. "ನಮ್ಮ ಮಾತನ್ನು ಇನ್ನೊಬ್ಬರು ಬರೆದದ್ದು ಸಾಕು. ಕಾಗದ ಉಂಟಾ? ಖಾಲಿಯದ್ದು."

ಔಷಧಿ ಪೊಟ್ಟಣ ಕಟ್ಟಲು ಕತ್ತರಿಸಿ ಇಟ್ಟಿದ್ದ ಬಿಳಿ ಕಾಗದದ ಕಟ್ಟೊಂದನ್ನು ಲೂಯಿಸ್ ಕೊಟ್ಟ. ಯಾಕೆಂದು ಕೇಳಲಿಲ್ಲ.

ಮುಂದಿನ ಹತ್ತು ದಿನ ಅವರಿಬ್ಬರೂ ನಡೆದರು. ಮೋಹಿನಿಗೆ ಎಲ್ಲ ಮನೆಗಳ ಹಿಂಬಾಗಿಲು ಗೊತ್ತಿತ್ತು. ಕಡಲ ದಂಡೆಯ ಗುಡಿಸಲುಗಳಿಗೆ, ಪೇಟೆಯ ಹಿಂದಿನ ಬ್ಯಾರಿ ಮುಸ್ಲಿಮರ ಓಣಿಗೆ, ಇನ್ನಂಜೆಯ ಕಡೆ ಗದ್ದೆಯ ಬದಿಯಲ್ಲಿ ಬೀಡಿ ಸುತ್ತುವವರ ಜಗಲಿಗಳಿಗೆ ಹೋದರು. ಒಂದು ತೆಂಗಿನ ಚಿಪ್ಪಿನಲ್ಲಿ ಬಟ್ಟೆಗೆ ಹಾಕುವ ನೀಲಿ ಕಲಸಿಕೊಂಡಿದ್ದರು. ಪ್ರತಿಯೊಬ್ಬಳನ್ನೂ ಕೇಳಿದ್ದು ಒಂದೇ: ನಿನ್ನ ಕಾಗದವನ್ನು ನೀನೇ ಓದಬೇಕಾ? ಬೇಕು ಎಂದವಳ ಹೆಬ್ಬೆಟ್ಟನ್ನು ನೀಲಿಯಲ್ಲಿ ಅದ್ದಿ ಖಾಲಿ ಹಾಳೆಯ ಮೇಲೆ ಒತ್ತಿಸಿದರು. ಕೆಲವರು ನಕ್ಕು ಒಳಗೆ ಹೋದರು. ಒಬ್ಬಳು ಒತ್ತಿ, ಗಂಡನ ಅಣ್ಣ ಬೈದನೆಂದು ಓಡಿ ಬಂದು ಹಾಳೆ ಹಿಂದೆ ತೆಗೆದುಕೊಂಡಳು, ಮೂರು ದಿನ ಬಿಟ್ಟು ಅದೇ ಹಾಳೆಯನ್ನು ಮಡಚಿ ಮೋಹಿನಿಯ ಬುಟ್ಟಿಗೆ ಹಾಕಿದಳು. ಒಟ್ಟು ನೂರ ಹದಿನಾಲ್ಕು ಹಾಳೆಯಾಯಿತು. ಮೊದಲನೆಯದು ರುಕಿಯಮ್ಮನದು.

ಪೆಟ್ಟಿಗೆ ತೆರೆದದ್ದು ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ, ಶಾಲೆಯ ಹಾಲಿನಲ್ಲಿ. ಊರಿನವರೂ ಬರಬಹುದು ಎಂದಿದ್ದರು, ಆದ್ದರಿಂದ ಮೂವತ್ತು ಮಂದಿ ಹೆಂಗಸರು ಬಂದು ಹೊರಗಿನ ಜಗಲಿಯಲ್ಲಿ, ಕಿಟಕಿಗಳ ಹತ್ತಿರ ನಿಂತರು. ಬರೆದು ಹಾಕಿದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಗಡಿಯಾರದ ಗೋಪುರ, ಬಸ್ ತಂಗುದಾಣ, ಮಕ್ಕಳ ಉದ್ಯಾನ. ಆಮೇಲೆ ಲೂಯಿಸ್ ಒಂದು ನೀಲಿ ಹೆಬ್ಬೆಟ್ಟಿನ ಹಾಳೆ ತೆಗೆದ. ಇನ್ನೊಂದು ತೆಗೆದ. ಮತ್ತೆ ಹಿಡಿ ತುಂಬ ತೆಗೆದ. ಮೇಜಿನ ಮೇಲೆ ರಾಶಿ ಬಿತ್ತು.

"ಎಂತ ಇದು?" ಎಂದರು ಭುಜಂಗ ಶೆಟ್ಟರು. "ಯಾರೋ ಮಕ್ಕಳ ಕಿತಾಪತಿ. ತೆಗೆದು ಇಡು ಆಚೆ."

"ಮಕ್ಕಳದಲ್ಲ," ಎಂದು ಕಿಟಕಿಯ ಹೊರಗಿನಿಂದ ಸ್ವರ ಬಂತು. ಆಮಿನಮ್ಮ ಒಳಗೆ ಬಂದಳು. ಮೇಜಿನ ಎದುರು ಬಂದು ನೆಟ್ಟಗೆ ನಿಂತಳು.

"ಬರೆದು ಹಾಕಿ ಎಂದಿರಿ. ನಮಗೆ ಬರುವುದು ಇಷ್ಟೇ, ಹಾಕಿದ್ದೇವೆ."

"ಇದರಲ್ಲಿ ಎಂತ ಉಂಟು ಎಂದು ನಾವು ಹೇಗೆ ತಿಳಿಯುವುದು?"

"ತಿಳಿಯುವುದಿಲ್ಲ ಅಲ್ವಾ? ನಮಗೆ ಬಸ್ಸಿನ ಬೋರ್ಡು, ಔಷಧಿಯ ಚೀಟಿ, ಗಂಡನ ಕಾಗದ, ಎಲ್ಲ ಹೀಗೆಯೇ ಕಾಣುವುದು. ನಮಗೆ ಕಲಿಸಲು ಒಬ್ಬರು ಬೇಕು. ಮಧ್ಯಾಹ್ನದ ಹೊತ್ತು. ಒಂದು ತಿಂಗಳು ಮಾಡಿ ಫೋಟೊ ತೆಗೆದು ಬಿಟ್ಟುಬಿಡುವುದಲ್ಲ. ನಾವು ಕಲಿತು ಮುಗಿಯುವವರೆಗೆ."

ಭುಜಂಗ ಶೆಟ್ಟರು ಒರಟರಲ್ಲ. ನಿಧಾನವಾಗಿ ವಿವರಿಸಿದರು. ಪೇಟೆಯ ನಡುವೆ ಗೋಪುರ ಕಟ್ಟಿದರೆ ನೂರು ವರ್ಷ ನಿಲ್ಲುತ್ತದೆ, ಬಸ್ಸಿಗೆ ಹೋಗುವವನಿಗೂ ಕಡಲಿಗೆ ಹೋಗುವವನಿಗೂ ಉಪಕಾರ. ಹೆಂಗಸರ ಕ್ಲಾಸು ಎಂದರೆ ಮೊದಲ ದಿನ ಐವತ್ತು ಮಂದಿ, ಎರಡನೆಯ ತಿಂಗಳಿಗೆ ಇಬ್ಬರು. ಹಾಗೆ ಆದದ್ದನ್ನು ಅವರು ಬೇರೆ ಕಡೆ ನೋಡಿದ್ದಾರೆ.

"ಕಟ್ಟಿ," ಎಂದಳು ಆಮಿನಮ್ಮ. "ಅದರಲ್ಲಿ ಬರೆದ ಅಂಕೆಯೂ ನಮಗೆ ಓದಲು ಬರುವುದಿಲ್ಲ."

ಯಾರೋ ನಕ್ಕರು. ಮತ ಹಾಕಿದರು. ಗೋಪುರಕ್ಕೆ ಹದಿನಾಲ್ಕು ಕೈ, ಕ್ಲಾಸಿಗೆ ಎಂಟು. ಲೂಯಿಸ್‌ನ ಕೈ ಅತ್ತ ಇತ್ತ ಹೊಯ್ದಾಡಿ ಕೊನೆಗೆ ಗೋಪುರದ ಕಡೆ ಎದ್ದಿತು. ಹೊರಡುವಾಗ ಆಮಿನಮ್ಮ ಮೇಜಿನ ಮೇಲಿನ ಹಾಳೆಗಳನ್ನೆಲ್ಲ ಒಟ್ಟು ಮಾಡಿ ಸೆರಗಿನಲ್ಲಿ ಕಟ್ಟಿಕೊಂಡಳು. "ಇದು ಕ್ಲಬ್ಬಿನ ದಾಖಲೆ," ಎಂದು ಯಾರೋ ಹೇಳಿದರು. "ಬೆರಳು ನಮ್ಮದು," ಎಂದು ಹೇಳಿ ಹೊರಗೆ ನಡೆದಳು.

ಮೂರನೆಯ ದಿನ ಮಧ್ಯಾಹ್ನ ಅವಳ ಅಂಗಳಕ್ಕೆ ಒಬ್ಬ ವಯಸ್ಸಾದ ಹೆಂಗಸು ಬಂದಳು. ಕೊಡೆ, ಕೈಚೀಲ, ಚೀಲದಲ್ಲಿ ಆರು ಸ್ಲೇಟು. ಲೂಯಿಸ್‌ನ ಅಕ್ಕ ಸೋಫಿಯಾ, ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತಳಾದವಳು. ಶಂಕರಪುರದಿಂದ ಬಸ್ಸಿನಲ್ಲಿ ಬಂದಿದ್ದಳು.

"ನನ್ನ ತಮ್ಮ ಯಾವುದಕ್ಕೆ ಕೈ ಎತ್ತಿದ ಎಂದು ಕೇಳಿದೆ," ಎಂದಳು. "ಅವನಿಗೆ ಹೇಳಬೇಕಾದ್ದನ್ನು ಹೇಳಿ ಆಗಿದೆ. ಎಲ್ಲಿ ಕೂರುವುದು?"

ಜಗಲಿಯಲ್ಲಿ ಚಾಪೆ ಹಾಸಿದರು. ಮೊದಲ ದಿನ ಹನ್ನೊಂದು ಮಂದಿ. ಸೋಫಿಯಾ ಟೀಚರು ಅಭ್ಯಾಸದಂತೆ ಅ ಅಗಸ, ಆ ಆನೆ ಎಂದು ಶುರು ಮಾಡಿದರು. ಆಮಿನಮ್ಮ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಹೇಳಿಯೇ ಬಿಟ್ಟಳು: "ಟೀಚರೇ, ನಾನು ಆನೆಗೆ ಕಾಗದ ಬರೆಯುವುದಿಲ್ಲ. ಕ್ಷೇಮ ಎಂದು ಬರೆಯುವುದು ಹೇಗೆ, ಅದನ್ನು ಹೇಳಿಕೊಡಿ." ಸೋಫಿಯಾ ಟೀಚರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಅಂದಿನಿಂದ ಪಾಠ ನಡೆದದ್ದು ಕಾಗದದ ಮಾತುಗಳಲ್ಲೇ. ಕ್ಷೇಮ. ಯಾವಾಗ. ಜ್ವರ. ಮಗು. ಬನ್ನಿ.

ಹಸೈನಾರ್ ಸುಮ್ಮನೆ ಕೂರಲಿಲ್ಲ. ಬ್ಯಾರಿ ಮನೆಯ ಜಗಲಿಯಲ್ಲಿ ಮೀನಿನ ಹೆಂಗಸರು, ಬೀಡಿಯ ಹೆಂಗಸರು, ದಿನವೂ ಗಲಾಟೆ, ಗಂಡ ಊರಲ್ಲಿಲ್ಲದ ಮನೆ ಎಂದು ನಾಲ್ಕು ಜನರ ಹತ್ತಿರ ಹೇಳಿದ. ಹಿರಿಯರಿಬ್ಬರನ್ನು ಕರೆದುಕೊಂಡು ಒಂದು ದಿನ ಮನೆಗೇ ಬಂದ. ರುಕಿಯಮ್ಮ ಜಗಲಿಯ ಮೆಟ್ಟಿಲಲ್ಲಿ ನಿಂತು ಹೇಳಿದಳು, "ಈ ಮನೆಯ ಯಜಮಾನತಿ ನಾನು. ಗಂಡ ಇಲ್ಲದ ಮನೆ ಎಂದು ಹೇಳಬೇಡಿ. ಕೂರುವುದಾದರೆ ಕೂರಿ, ಚಹಾ ಕೊಡುತ್ತೇನೆ. ಆದರೆ ಮೆಲ್ಲಗೆ ಮಾತಾಡಿ, ಪಾಠ ನಡೆಯುತ್ತಾ ಉಂಟು." ಹಿರಿಯರು ಚಹಾ ಕುಡಿದು ಹೋದರು. ಹಸೈನಾರ್‌ನ ಹೆಂಡತಿ ಪಾತುಮ್ಮ ಅಷ್ಟರಲ್ಲಾಗಲೇ ಒಂದು ವಾರದಿಂದ ಹಿತ್ತಲ ಬಾಗಿಲಿನಿಂದ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಆ ದಿನ ಗಂಡನ ಸ್ವರ ಕೇಳಿ ಒಳಗೆ ಓಡಿ ಅಕ್ಕಿಯ ಕಣಜದ ಹಿಂದೆ ಅಡಗಿದ್ದಳಂತೆ, ಸ್ಲೇಟು ಎದೆಗೆ ಒತ್ತಿಕೊಂಡು.

ಜೂನ್ ಬಂತು. ಜಗಲಿಗೆ ಎರಚಲು ಹೊಡೆಯತೊಡಗಿತು. ಕಲಿಯುವವರು ಮೂವತ್ತೆಂಟು ಆಗಿದ್ದರು. ಒದ್ದೆ ಚಾಪೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂರಬೇಕಾಗುತ್ತಿತ್ತು. ಅದೇ ಹೊತ್ತಿಗೆ ಕ್ಲಬ್ಬಿನ ಗೋಪುರಕ್ಕೆ ಹೆದ್ದಾರಿಯವರು ಅನುಮತಿ ಕೊಡಲಿಲ್ಲ. ರಸ್ತೆ ಅಗಲ ಮಾಡುವುದುಂಟು, ಅಲ್ಲಿ ಏನೂ ಕಟ್ಟಕೂಡದು ಎಂದರು. ಆಗಸ್ಟಿನಲ್ಲಿ ಲೂಯಿಸ್ ಮತ್ತು ಭುಜಂಗ ಶೆಟ್ಟರು ಕೊಡೆ ಹಿಡಿದು ಆಮಿನಮ್ಮನ ಮನೆಗೆ ಬಂದರು.

"ನಿಮ್ಮ ಕ್ಲಾಸನ್ನು ನಮ್ಮ ಶಾಶ್ವತ ಯೋಜನೆಯಾಗಿ ಆರಿಸಲು ನಿರ್ಧರಿಸಿದ್ದೇವೆ," ಎಂದರು ಶೆಟ್ಟರು. "ಶಾಲೆಯ ಹಾಲು ಕೊಡಿಸುತ್ತೇವೆ, ಸ್ಲೇಟು, ಪುಸ್ತಕ, ಟೀಚರಿಗೆ ಗೌರವಧನ. ಉದ್ಘಾಟನೆಗೆ ಉಡುಪಿಯಿಂದ ದೊಡ್ಡವರನ್ನು ಕರೆಸೋಣ."

ಎಲ್ಲರೂ ಖುಷಿಪಡುತ್ತಾರೆ ಎಂದು ಅವರು ತಿಳಿದಿದ್ದರು. ಆಮಿನಮ್ಮ ಹೇಳಿದಳು: "ನೀವು ನಿರ್ಧರಿಸಿದ್ದು ಆಯಿತು. ನಾವು ಇನ್ನೂ ನಿರ್ಧರಿಸಲಿಲ್ಲ. ಅವತ್ತು ನೀವು ನಮ್ಮ ವಿಷಯದಲ್ಲಿ ಕೈ ಎತ್ತಿದಿರಿ. ಈಗ ನಾವು ನಿಮ್ಮ ವಿಷಯದಲ್ಲಿ ಎತ್ತುತ್ತೇವೆ. ಬುಧವಾರ ಬನ್ನಿ, ಕೇಳುವುದು ಕೇಳುತ್ತೇವೆ."

ಶೆಟ್ಟರ ಮುಖ ಕೆಂಪಾಯಿತು. "ಕೊಡಲು ಬಂದವರಿಗೆ ಪರೀಕ್ಷೆಯಾ?" ಎಂದು ಕೊಡೆ ಬಿಚ್ಚಿ ಹೊರಟೇ ಹೋದರು. ಮೋಹಿನಿಗೂ ಹೆದರಿಕೆಯಾಯಿತು. "ಕೈಗೆ ಬಂದದ್ದನ್ನು ಬಿಟ್ಟೆಯಲ್ಲ ಮಾರಾಯ್ತಿ, ಮಳೆಗೆ ನೆನೆಯುತ್ತಾ ಇದ್ದೇವೆ." ಆಮಿನಮ್ಮನಿಗೂ ಆ ರಾತ್ರಿ ಹಾಗೆಯೇ ಅನ್ನಿಸಿತು. ಬುಧವಾರ ಯಾರೂ ಬರಲಿಲ್ಲ. ಅದರ ಮುಂದಿನ ಬುಧವಾರವೂ ಬರಲಿಲ್ಲ. ಮೂರನೆಯ ಬುಧವಾರ ಶೆಟ್ಟರು ಬಂದರು, ಐದು ಮಂದಿ ಸದಸ್ಯರೊಂದಿಗೆ, ಚಪ್ಪಲಿ ಕಳಚಿ ಚಾಪೆಯ ಮೇಲೆ ಕೂತರು. ಯಾಕೆ ಬಂದರು ಎಂದು ಅವರು ಯಾವತ್ತೂ ಹೇಳಲಿಲ್ಲ. ಅವರ ಮನೆಯಲ್ಲಿ ಅಡುಗೆಗಿದ್ದು ಕ್ಲಾಸಿಗೆ ಬರುತ್ತಿದ್ದ ಬೇಬಿ ಎಂಬವಳು ಅಂಗಳದಲ್ಲಿ ಇದ್ದಿಲಿನಿಂದ ಅವರ ಹೆಸರನ್ನು ಬರೆದು ತೋರಿಸಿದ್ದಳು ಎಂದು ಜನ ಹೇಳುತ್ತಿದ್ದರು.

ಹೆಂಗಸರು ಕೇಳಿದರು. ಎಷ್ಟು ವರ್ಷ? ಹತ್ತು ವರ್ಷ ಎಂದರು ಶೆಟ್ಟರು. ಅಧ್ಯಕ್ಷರು ಬದಲಾದರೆ? ನಿರ್ಣಯ ಮಾಡಿ ಬರೆದಿಡುತ್ತೇವೆ. ಉದ್ಘಾಟನೆ, ಹೆಸರು ಕೆತ್ತಿದ ಕಲ್ಲಿನ ಹಲಗೆ ಬೇಡ. ಸರಿ. ತಿಂಗಳಿಗೊಮ್ಮೆ ಸದಸ್ಯರೊಬ್ಬರು ಬಂದು ಪಾಠದಲ್ಲಿ ಕೂರಬೇಕು, ಭಾಷಣ ಮಾಡಕೂಡದು. ಅಲ್ಲಿ ಮಾತ್ರ ಶೆಟ್ಟರು ನಕ್ಕರು. ಕೆಮ್ಮಣ್ಣಿನ ಹೆಂಗಸರಿಗೂ ಬೇಕು ಎಂದು ಮೋಹಿನಿ ಹೇಳಿದಳು, ಅವಳ ತವರು ಅಲ್ಲಿ. ನೋಡೋಣ ಎಂದರು. "ನೋಡೋಣ ಅಲ್ಲ," ಎಂದಳು ಅವಳು. ಆಯಿತು ಎಂದರು.

ಕೈ ಎತ್ತಿಸಿದರು. ಕ್ಲಬ್ಬು ಆಗಬಹುದು ಎಂದವರು ಮೂವತ್ತೈದು. ಬೇಡ ಎಂದವರು ಮೂವರು, ಅವರಲ್ಲಿ ರುಕಿಯಮ್ಮ ಒಬ್ಬಳು. ಇಂದು ಕೊಟ್ಟವರು ನಾಳೆ ಬಿಟ್ಟುಬಿಡುತ್ತಾರೆ ಎಂದು ಶೆಟ್ಟರ ಎದುರಿಗೇ ಕೈ ಎತ್ತಿ ಕೂತಿದ್ದಳು.

ಆ ವರ್ಷದ ಡಿಸೆಂಬರಿನಲ್ಲಿ ಆಮಿನಮ್ಮ ಗಂಡನ ಕಾಗದಗಳನ್ನೆಲ್ಲ ಹೊರಗೆ ತೆಗೆದಳು. ಒಡೆಯದಿದ್ದವನ್ನು ಮೊದಲು ಅತ್ತೆಗೆ ಓದಿ ಹೇಳಿದಳು. ಕಾಲು ಮುರಿದಾಗಿನ ಕಾಗದವನ್ನು ಓದಲು ನಾಲ್ಕು ದಿನ ಹಿಡಿಯಿತು. ಓದಿ ಆದ ಮೇಲೆ ಮಡಚಿಕೊಂಡು ಹಸೈನಾರ್‌ನ ಅಂಗಡಿಗೆ ಹೋದಳು. ಸಂತೆಯ ದಿನ, ಜನ ಇದ್ದರು. ಬೆಂಚಿನ ಪಕ್ಕ ನಿಲ್ಲಲಿಲ್ಲ, ಬೆಂಚಿನ ಮೇಲೆ ಕೂತಳು. ಗಟ್ಟಿಯಾಗಿ ಓದಿದಳು. ಒಂದೊಂದೇ ಅಕ್ಷರ ಜೋಡಿಸಿ, ತಡೆದು, ಹಿಂದೆ ಹೋಗಿ ಮತ್ತೆ ಓದಿದಳು. ತಕ್ಕಡಿ ಹಿಡಿದ ಹಸೈನಾರ್ ಹಾಗೆಯೇ ನಿಂತಿದ್ದ. ಸಕ್ಕರೆಗೆ ಬಂದವರೂ ಅವಸರ ಮಾಡಲಿಲ್ಲ. "ಬರಲಾ ಬೇಡವಾ, ನೀನೇ ಹೇಳು" ಎನ್ನುವ ಸಾಲನ್ನು ಅವಳು ಎರಡು ಸಲ ಓದಿದಳು.

"ಇಷ್ಟು ಇತ್ತು, ಕಾಕ. ನೀವು ಬಿಟ್ಟದ್ದು."

ಹಸೈನಾರ್ ತಕ್ಕಡಿ ಕೆಳಗಿಟ್ಟ. "ತಪ್ಪಾಯಿತು," ಎನ್ನಲು ಅವನಿಗೆ ಅಂದು ಆಗಲಿಲ್ಲ. "ಅಕ್ಷರ ಚೆನ್ನಾಗಿ ಗುರುತಾಗುತ್ತದಾ ನಿನಗೆ?" ಎಂದು ಮಾತ್ರ ಕೇಳಿದ. ಅವಳು ಕಾಗದ ಮಡಚಿಕೊಂಡು ಎದ್ದು ಬಂದಳು. ಅವರಿಬ್ಬರ ನಡುವೆ ಮಾತು ಸರಿಯಾಗಲು ಮತ್ತೆ ಎರಡು ವರ್ಷ ಬೇಕಾಯಿತು.

ಅವಳು ಸ್ವಂತ ಕೈಯಿಂದ ಬರೆದ ಮೊದಲ ಕಾಗದಕ್ಕೆ ಸುಲೈಮಾನ್‌ನಿಂದ ಬಂದ ಉತ್ತರದಲ್ಲಿ, ಹಸೈನಾರ್ ಕಾಕನ ಕಾಗದ ಇದಕ್ಕಿಂತ ಉದ್ದ ಇರುತ್ತಿತ್ತು, ಓದಲು ಚಂದ ಇರುತ್ತಿತ್ತು ಎಂದು ಇತ್ತು. ಅವಳಿಗೆ ನಗು, ಸಿಟ್ಟು ಎರಡೂ ಬಂತು. ಮರಳಿ ಬರೆದಳು: ಉದ್ದ ಬೇಕಾದರೆ ಅವರನ್ನೇ ಮದುವೆಯಾಗಿ, ನಾನು ಬೇಕಾದರೆ ಊರಿಗೆ ಬನ್ನಿ. ಎಂಬತ್ತೆರಡರಲ್ಲಿ ಅವನು ಬಂದ, ಒಂದು ಕಾಲನ್ನು ತುಸು ಎಳೆದು ನಡೆಯುತ್ತ. ಮತ್ತೆ ಹೋಗಲಿಲ್ಲ. ಕಡಲ ದಾರಿಯಲ್ಲಿ ಸಣ್ಣ ಅಂಗಡಿ ಹಾಕಿದ. ಹೆಂಡತಿಯ ಹತ್ತಿರ ಓದು ಕಲಿಯಲು ಅವನು ಒಪ್ಪಲಿಲ್ಲ, ಅಂಗಡಿಯ ಲೆಕ್ಕವನ್ನು ಮಾತ್ರ ಅವಳಿಂದಲೇ ಬರೆಸಿದ.

ಕ್ಲಬ್ಬಿನವರು ಒಮ್ಮೆ ಮಾತು ತಪ್ಪಲು ನೋಡಿದರು. ಎಂಬತ್ತಮೂರರಲ್ಲಿ ಹೊಸ ಅಧ್ಯಕ್ಷರು ಈ ಯೋಜನೆ ಹಳೆಯದಾಯಿತು ಎಂದರು. ನಲವತ್ತು ಮಂದಿ ಹೆಂಗಸರು ಅವರ ಮಾಸಿಕ ಸಭೆಗೆ ಹೋಗಿ, ಭುಜಂಗ ಶೆಟ್ಟರು ಬರೆದಿಟ್ಟ ನಿರ್ಣಯವನ್ನು ತಾವೇ ಓದಿ ಹೇಳಿದರು. ಕ್ಲಾಸು ನಿಲ್ಲಲಿಲ್ಲ. ಕೆಮ್ಮಣ್ಣಿನಲ್ಲೂ ಇನ್ನಂಜೆಯಲ್ಲೂ ಶುರುವಾಯಿತು. ಸೋಫಿಯಾ ಟೀಚರಿಗೆ ಕಣ್ಣು ಮಂಜಾದ ಮೇಲೆ ಕಾಪುವಿನಲ್ಲಿ ಕಲಿಸಿದವಳು ಆಮಿನಮ್ಮನೇ.

ಎಂಬತ್ತೇಳರಲ್ಲಿ ಕಾರ್ಕಳದ ಒಂದು ಕ್ಲಬ್ಬಿನವರು ಅವಳನ್ನು ಕರೆಸಿದರು. ಅವರೂ ದೀರ್ಘಕಾಲದ ಯೋಜನೆಯೊಂದನ್ನು ಆರಿಸುವವರಿದ್ದರು, ಗೇರುಬೀಜದ ಕಾರ್ಖಾನೆಯ ಹೆಂಗಸರಿಗಾಗಿ. ವೇದಿಕೆಯ ಮೇಲೆ ಕುರ್ಚಿ, ಮಲ್ಲಿಗೆಯ ಹಾರ. "ನಮ್ಮ ಜಿಲ್ಲೆಯ ಒಂದು ಕ್ಲಬ್ಬಿನ ಸೇವೆಯಿಂದ ಉದ್ಧಾರವಾದ ಸಹೋದರಿ," ಎಂದು ಪರಿಚಯ ಮಾಡಿದರು.

ಆಮಿನಮ್ಮ ಮೈಕಿನ ಹತ್ತಿರ ಹೋಗಿ ಸಭೆಯನ್ನು ಒಮ್ಮೆ ನೋಡಿದಳು. ಎಲ್ಲರೂ ಗಂಡಸರು.

"ಕಾರ್ಖಾನೆಯ ಹೆಂಗಸರು ಎಲ್ಲಿ?"

"ಅವರಿಗೆ ಕೆಲಸ ಬಿಡುವುದು ಐದೂವರೆಗೆ, ಅಮ್ಮ. ನೀವು ನಿಮ್ಮ ಅನುಭವದ ಎರಡು ಮಾತು ಹೇಳಿ, ನಾವು ತೀರ್ಮಾನ ಮಾಡುತ್ತೇವೆ."

"ನನ್ನ ಅನುಭವ ಇಷ್ಟೇ," ಎಂದಳು. "ಅವರು ಬರದೆ ತೀರ್ಮಾನ ಮಾಡಬೇಡಿ. ನಾನು ಐದೂವರೆವರೆಗೆ ಕೂತಿರುತ್ತೇನೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಯಾರೋ ಗಡಿಯಾರ ನೋಡಿದರು, ಕಡೆಯ ಬಸ್ಸಿನ ವಿಷಯ ಎತ್ತಿದರು. ಅವಳು ವೇದಿಕೆಯಿಂದ ಇಳಿದು ಮುಂದಿನ ಸಾಲಿನಲ್ಲಿ ಕೂತಳು. ಚಹಾ ಬಂತು, ಕುಡಿದಳು. ನಾಲ್ಕೈದು ಮಂದಿ ಎದ್ದು ಹೋದರು, ಉಳಿದವರು ಕಾರ್ಖಾನೆಗೆ ಹೇಳಿಕಳಿಸಿ ಕಾದರು. ಐದೂಮುಕ್ಕಾಲಿಗೆ, ಗೇರಿನ ಎಣ್ಣೆಯಿಂದ ಕಪ್ಪಾದ ಕೈಗಳ ಏಳು ಮಂದಿ ಹೆಂಗಸರು ಬಾಗಿಲಲ್ಲಿ ಬಂದು ನಿಂತರು. ಒಳಗೆ ಬರಲು ಹಿಂಜರಿದರು. ಮುಂದೆ ಇದ್ದ ಕುಶಲಾ ಎಂಬವಳು ಮುದ್ದೆಯಾದ ಸೆರಗನ್ನು ಎಳೆದು ಸರಿಮಾಡಿಕೊಳ್ಳುತ್ತಿದ್ದಳು.

"ಬನ್ನಿ," ಎಂದು ಆಮಿನಮ್ಮ ತನ್ನ ಪಕ್ಕದ ಕುರ್ಚಿಯನ್ನು ಎಳೆದಳು. "ಇವರು ನಿಮ್ಮನ್ನೇ ಕಾಯುತ್ತಾ ಇದ್ದಾರೆ. ಎಂತ ಬೇಕು ನಿಮಗೆ, ಗಟ್ಟಿಯಾಗಿ ಹೇಳಿ."